ಹಳೆ ಜೀಪಿನ ಜಾಳಿಗೆ

“ಈ ಜೀಪಿನ್ಯಾಗ ಇಷ್ಟ ನಾಯಿಗೂದಲಾ ಎಲ್ಲಿಂದ ಬಂದ್ವುರಿ?”

ಇದು ಲಗಮವ್ವ ಅವನಿಗೆ ಆಡಿದ ಮೊದಲ ಮಾತು. ಕೈಯಲ್ಲಿ ಚಹಾದ ಕಪ್ಪು, ಕಣ್ಣಲ್ಲಿ ಪೊಲೀಸು.

ಅವನು ತಲೆಯೆತ್ತಿ ನೋಡಿದ. ಕಣ್ಣು ಅವಳ ಮುಖದ ಮೇಲೇ ನಿಂತಿತು. ಆಮೇಲೆ ಮೆಲ್ಲಗೆ ನಕ್ಕ.

“ನಾಯಿ ಇದ್ದಲ್ಲೆ ನಾಯಿಗೂದಲಾ ಇರ್ತಾವ್ರಿ. ಚಹಾಕ್ಕ ಸಕ್ರಿ ಸ್ವಲ್ಪ ಜಾಸ್ತಿ ಇರಲಿ.”

ಎಂಬತ್ತೆರಡರ ಬೇಸಿಗೆ. ಇಲಕಲ್ಲಿನ ಬಸ್ ನಿಲ್ದಾಣದ ಹಿಂದೆ ಅಲ್ಲಾಸಾಬನ ವೆಲ್ಡಿಂಗ್ ಅಂಗಡಿ, ಅದಕ್ಕೆ ಅಂಟಿಕೊಂಡೇ ಲಗಮವ್ವಳ ಚಹಾದಂಗಡಿ. ಬಂದವನ ಹೆಸರು ಅಮಸಿದ್ದಪ್ಪ. ಬಾದಾಮಿ ಕಡೆಯವನು, ಕುರಿಹಟ್ಟಿಗಳಿಗೆ ಹೋಗಿ ಉಣ್ಣೆ ಕೊಳ್ಳುವ ವ್ಯಾಪಾರಿ. ಅವನ ಜೀಪು ಮಿಲಿಟರಿ ಹರಾಜಿನಿಂದ ಹೊರಬಿದ್ದು ನಾಲ್ಕಾರು ಮಾಲಕರನ್ನು ಕಂಡ ಮುದುಕ.

“ಸೀಟಿನ ಬೆನ್ನಿಗಿ ಒಂದ ಕಬ್ಬಿಣದ ಜಾಳಿಗಿ ಕೂಡ್ಸಬೇಕು ಕಾಕಾ,” ಎಂದು ಅವನು ಅಲ್ಲಾಸಾಬನಿಗೆ ಹೇಳುತ್ತಿದ್ದ. “ಹಿಂದ ಇದ್ದ ನಾಯಿ ಮುಂದ ಬರಬಾರ್ದು.”

ಲಗಮವ್ವ ಆ ಮಾತಿಗೆ ಕಿವಿ ನಿಮಿರಿಸಿದಳು.

ದೀಪಾವಳಿ ಆದಮೇಲೆ ಅವಳ ಮನೆಯ ಹಿತ್ತಲಿನಿಂದ ಪಾರಿ ಕಾಣೆಯಾಗಿತ್ತು. ಪಾರಿ ಅಂದರೆ ಅಪ್ಪ ಲಕ್ಷ್ಮಪ್ಪನ ಕಾರವಾನಿ ತಳಿಯ ನಾಯಿ. ನೀಳ ಕಾಲು, ಉದ್ದ ಮೂತಿ, ಕುರಿ ಕಾಯುವಾಗ ತೋಳ ಕಚ್ಚಿ ಸೀಳಿದ ಎಡಗಿವಿ. ಕಾಲು ಸೋತು ಅಪ್ಪ ಕುರಿಗಳನ್ನು ಮಾರಿದ, ಪಾರಿಯನ್ನು ಮಾತ್ರ ಮಾರಲಿಲ್ಲ. ದಿನಾ ರೊಟ್ಟಿಯ ಮೊದಲ ತುಣುಕು ಅದಕ್ಕೇ. ಅದು ಹೋದ ಮೇಲೆ ಆ ಮೊದಲ ತುಣುಕನ್ನು ಕೈಯಲ್ಲಿ ಹಿಡಿದು ಕೂರುತ್ತಾನೆ, ಉಣ್ಣುವುದು ಅಷ್ಟಕ್ಕಷ್ಟೇ. ಈಗೀಗ ಪಕ್ಕೆಲುಬುಗಳು ಕಾಣತೊಡಗಿವೆ.

ನಾಯಿಗಳ್ಳರು ಜೀಪಿನಲ್ಲಿ ಬಂದಿದ್ದರು ಎಂದು ಓಣಿಯೆಲ್ಲ ಹೇಳಿತ್ತು. ಇಲ್ಲಿ ಜೀಪೂ ಇದೆ, ಕೂದಲೂ ಇದೆ, ಈಗ ಜಾಳಿಗೆ ಬೇರೆ!

‘ಇವನನ್ನು ನೇರವಾಗಿ ಕೇಳಿದರೆ ಎಚ್ಚರಾಗುತ್ತಾನೆ. ಪಾರಿಯನ್ನು ಇನ್ನೂ ದೂರ ಸಾಗಿಸುತ್ತಾನೆ...’ ಅವಳು ಅವನ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಅಲ್ಲಾಸಾಬ ಜೀಪಿನ ಒಳಗೆ ಬಡಿದು ನೋಡಿ ತಲೆಯಾಡಿಸಿದ. “ತಗಡೆಲ್ಲಾ ತುಕ್ಕ ಹಿಡದೈತಿ. ವೆಲ್ಡಿಂಗ್ ಹಚ್ಚಿದ್ರ ತೂತ ಬೀಳ್ತೈತಿ. ನಟ್ಟು ಬೋಲ್ಟು ಹಾಕಿ, ಕೆಳಗ ರಬ್ಬರ ಕೊಟ್ಟ ಕೂಡ್ಸೂಣು.”

“ಸಳಿ ಒಂದಕ್ಕೊಂದ ಸನೇಕ ಇರಲಿ ಕಾಕಾ. ಮೂತಿ ಉದ್ದೈತಿ, ನಡುವ ಸಿಕ್ಕೊಂಡ್ರ ನೋವಾಗ್ತೈತಿ.”

ಕದ್ದ ನಾಯಿಯ ಮೂತಿಗೆ ನೋವಾದೀತೆಂದು ಚಿಂತಿಸುವ ಕಳ್ಳ ಎಲ್ಲಾದರೂ ಇದ್ದಾನೆಯೇ? ಲಗಮವ್ವಳ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಕೂಡಲೇ ಅದನ್ನು ಗದರಿಸಿ ಕೂರಿಸಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ!

ಜಾಳಿಗೆ ಕೂಡಿಸುವ ದಿನ ಅವನು ಮತ್ತೆ ಬಂದ. ಮುಂಗೈ ಮೇಲೆ ಉಗುರಿನ ಗೀರುಗಳು.

“ಕೈಗಿ ಏನಾಗೇತ್ರಿ?”

“ನಾಯಿ ಪರಚೇತ್ರಿ. ಹೋದ ವಾರ ಓಡೂ ಜೀಪಿನ್ಯಾಗ ತೊಡಿ ಮ್ಯಾಲ ಜಿಗೀತು. ಗಟಾರಕ್ಕ ಬೀಳೂದು ಸ್ವಲ್ಪದಾಗ ತಪ್ತು.”

“ಎಲ್ಲೈತಿ ಆ ನಾಯಿ?”

“ಹುನಗುಂದದ ಉಣ್ಣಿ ಗೋದಾಮಿನ್ಯಾಗ ಕಟ್ಟೀನಿ. ಈ ಊರಿಗಿ ತರೂ ಹಂಗಿಲ್ರಿ. ಇಲಕಲ್ ಬಂತಂದ್ರ ಅದಕ್ಕ ಹುಚ್ಚ ಹಿಡೀತೈತಿ.”

“ಹೆಸರೇನ್ರಿ?”

“ಕಳ್ಳಿ.” ಅವನು ನಕ್ಕ. “ಬಂದ ಮೊದಲನೇ ದಿನಾನ ನನ್ನ ಬುತ್ತಿ ರೊಟ್ಟಿ ಕದ್ದ ತಿಂದ್ಲು.”

ತಿನ್ನುತ್ತಿದ್ದ ಬನ್ನಿನಲ್ಲಿ ಅರ್ಧ ಮುರಿದು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ಆ ಅರ್ಧ ಬನ್ನು ಯಾರಿಗೆಂದು ಅವಳಿಗೆ ತಿಳಿಯಿತು. ಅವನು ನಕ್ಕಾಗ ತನಗೇಕೆ ನಗು ಬಂತು ಎಂಬುದು ಮಾತ್ರ ತಿಳಿಯಲಿಲ್ಲ.

‘ಲಗಮಿ, ನಿನಗೇನ ಬುದ್ಧಿ ಐತೋ ಇಲ್ಲೋ? ಅಲ್ಲಿ ಅಪ್ಪ ಉಪವಾಸ ಕುಂತಾನ...’

ಮಧ್ಯಾಹ್ನ ಜಾಳಿಗೆ ಕೂತಿತು. ಅಲ್ಲಾಸಾಬ ಪಾನಾದಿಂದ ನಟ್ಟುಗಳನ್ನು ಬಿಗಿದು ನಮಾಜಿಗೆ ಹೋದ. ಅಮಸಿದ್ದಪ್ಪ ಕೈ ತೊಳೆಯಲು ನಲ್ಲಿಯ ಕಡೆ ನಡೆದ.

ಲಗಮವ್ವ ಅತ್ತಿತ್ತ ನೋಡಿದಳು. ಪಾನಾ ಎತ್ತಿಕೊಂಡಳು. ಕೆಳಗಿನ ಎರಡು ನಟ್ಟು ಬಿಚ್ಚಿ ಸೆರಗಿನ ತುದಿಗೆ ಗಂಟು ಕಟ್ಟಿದಳು. ಯಾರ ಮನೆಯ ನಾಯಿಯೇ ಇರಲಿ, ನೂಕಿದರೆ ಜಾಳಿಗೆ ಬೀಳಲಿ, ತಪ್ಪಿಸಿಕೊಂಡು ಓಡಲಿ ಎಂಬುದೊಂದೇ ಅವಳ ಲೆಕ್ಕ. ಆಗ ಜೀಪು ಓಡುತ್ತಿದ್ದರೆ ಏನು ಗತಿ ಎಂಬುದು ಆ ಸಿಟ್ಟಿನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಹುನಗುಂದದ ಕಡೆಯಿಂದ ಜೀಪು ಬಂತು. ಜಾಳಿಗೆಯನ್ನು ನಂಬಿ ಅವನು ಈ ಸಲ ನಾಯಿಯನ್ನು ಕರೆದುಕೊಂಡೇ ಬಂದಿದ್ದ. ಚಹಾದಂಗಡಿ ಇನ್ನೇನು ಸಿಗಬೇಕು, ಒಳಗೆ ಕಬ್ಬಿಣ ಧಡ್ ಎಂದಿತು. ಜೀಪು ಹೊಯ್ದಾಡಿ ಬೇವಿನ ಮರಕ್ಕೆ ಗುದ್ದಿ ನಿಂತಿತು.

ಬಾಗಿದ ಜಾಳಿಗೆಯ ಮೇಲಿಂದ, ಅವನ ಹೆಗಲ ಮೇಲಿಂದ, ಒಂದು ಕಂದು ನಾಯಿ ಹೊರಗೆ ಹಾರಿತು. ನೀಳ ಕಾಲು. ಸೀಳಿದ ಎಡಗಿವಿ.

“ಪಾರಿ...”

ಪಾರಿ ಅವಳ ಸುತ್ತ ಒಮ್ಮೆ ಸುತ್ತಿ, ಕೈ ನೆಕ್ಕಿ, ನಿಲ್ಲದೆ ಓಣಿಯೊಳಗೆ ಓಡಿತು. ಆ ಓಣಿಯ ಕೊನೆಯ ಮನೆ ಲಕ್ಷ್ಮಪ್ಪನದು.

ಲಗಮವ್ವ ಜೀಪಿನತ್ತ ತಿರುಗಿದಳು. ಅಮಸಿದ್ದಪ್ಪ ಸ್ಟೇರಿಂಗ್ ಹಿಡಿದು ಕೂತಿದ್ದ. ಹಣೆ ಒಡೆದು ರಕ್ತ ಹುಬ್ಬಿಗಿಳಿಯುತ್ತಿತ್ತು. ‘ಅಯ್ಯೋ, ನಾನೇ ಮಾಡಿದೆ...’ ಅವಳು ಓಡಿ ಅವನ ಬಳಿ ಹೋದಳು.

ಅವನು ಕೇಳಿದ್ದು ಒಂದೇ ಮಾತು. “ಕಳ್ಳಿಗಿ ಏನೂ ಆಗಿಲ್ಲಲ್ರಿ?”

ಆ ಮಾತಿಗೆ ಅವಳ ಅನುಮಾನವೆಲ್ಲ ಕುಸಿಯಿತು. ಉಳಿದದ್ದು ನಾಚಿಕೆ, ಮತ್ತು ಇಷ್ಟು ದಿನ ಗದರಿಸಿ ಕೂರಿಸಿದ್ದ ಪ್ರೀತಿ.

ಅವನ ಹಣೆಗೆ ಬಟ್ಟೆ ಕಟ್ಟುತ್ತ, ಅದು ಅಪ್ಪನ ಪಾರಿ ಎಂದು ಹೇಳಿದಳು. ಇಬ್ಬರೂ ಮನೆ ಬಾಗಿಲಿಗೆ ಬಂದಾಗ ಲಕ್ಷ್ಮಪ್ಪ ತಾಟಿನ ಮುಂದೆ ಕೂತಿದ್ದ. ಪಾರಿಯ ತಲೆ ಅವನ ತೊಡೆಯ ಮೇಲಿತ್ತು. ಮೊದಲ ತುಣುಕು ಅದಕ್ಕೆ ಕೊಟ್ಟು, ಎರಡನೆಯದನ್ನು ತಾನು ಬಾಯಿಗಿಟ್ಟುಕೊಂಡ. ಮುದುಕ ಅಳುತ್ತಲೇ ಉಣ್ಣುತ್ತಿದ್ದ.

ಅಮಸಿದ್ದಪ್ಪ ಹೊಸ್ತಿಲ ಹೊರಗೇ ನಿಂತ. “ತುಳಸಿಗೇರಿ ಹನಮಪ್ಪನ ಗುಡಿ ಹಿಂದ ಬಿದ್ದಿತ್ರಿ. ಕೊಳ್ಳಾಗ ಹರದ ಹಗ್ಗ, ಕಾಲಿಗಿ ಗಾಯ. ಯಾರ ಕೈಯಿಂದನೋ ತಪ್ಪಿಸಿಕೊಂಡ ಬಂದಿತ್ತು. ಸುತ್ತಲ ಊರಾಗೆಲ್ಲಾ ಕೇಳಿದೆ, ಯಾರೂ ನಮ್ಮದು ಅನ್ಲಿಲ್ಲ. ಇಷ್ಟ ದೂರದ ಇಲಕಲ್ಲಿಂದು ಅಂತ ನನಗೆಂಗ ಗೊತ್ತಾಗಬೇಕು?” ಅವನು ನಾಯಿಯ ಕಡೆ ನೋಡಿದ. “ಹುಚ್ಚ ಹಿಡೀತೈತಿ ಅಂದ್ಕೊಂಡಿದ್ದೆ. ಅದು ಮನಿ ಬಂತು ಅಂತ ಹೇಳಾಕತ್ತಿತ್ತು. ಮನಿಗಿ ಹೋಗೂ ಜೀವಕ್ಕ ನಾ ಜಾಳಿಗಿ ಅಡ್ಡ ಹಾಕ್ಸಿದೆ.”

ನಾಯಿ ಕಟ್ಟಲು ತಂದಿದ್ದ ಖಾಲಿ ಹಗ್ಗ ಸುತ್ತಿಕೊಂಡು ಅವನು ಹೊರಟ. ಅಂಗಳದಲ್ಲಿ ತಿರುಗಿ ಸುಮ್ಮನೆ ಅಂದ, “ಬರ್ತೇನಿ ಕಳ್ಳಿ.”

ಅವನು ಕರೆದದ್ದು ನಾಯಿಯನ್ನು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಗಮವ್ವಳ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಓಡಿ ಹೋಗಿ ಅವನ ದಾರಿಗೆ ಅಡ್ಡ ನಿಂತಳು. ಗಂಟು ಬಿಚ್ಚಿ ಅಂಗೈ ಚಾಚಿದಳು. ಎರಡು ನಟ್ಟು.

“ನಾನ ಬಿಚ್ಚಿದ್ದೆ... ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ. ನಿಮ್ಮ ಜೀವಕ್ಕ ಏನರ ಆಗಿದ್ರ, ನಾ ಉಳೀತಿದ್ದಿಲ್ರಿ.”

ಅವನು ನಟ್ಟುಗಳನ್ನು ನೋಡಿದ. ಅವಳ ತುಂಬಿದ ಕಣ್ಣು ನೋಡಿದ.

“ಹಂಗಾರ ನನಗ ಸಿಕ್ಕ ಕಳ್ಳಿ ಒಬ್ಬಾಕಿ ಅಲ್ಲ, ಇಬ್ಬರು,” ಎಂದ.

ಅಳುತ್ತಿದ್ದವಳ ತುಟಿಯಲ್ಲಿ ನಗು ಬಂದುಬಿಟ್ಟಿತು. “ನಾಯಿ ಮನಿ ಸೇರ್ತು. ಇನ್ನ ಆ ಜಾಳಿಗಿ ಎದಕ್ರಿ, ತಗಸಿಬಿಡ್ರಿ.”

“ಬ್ಯಾಡ, ಇರಲಿ. ಆಕಿನ್ನ ನೋಡಾಕ ಬರ್ತೇನಿ, ಒಮ್ಮೊಮ್ಮೆ ಕುರಿಹಟ್ಟಿಗಿ ಕರಕೊಂಡ ಹೋಗ್ತೇನಿ. ಆಕಿ ಮುಂದ ಜಿಗದ್ರ ನೀ ಎಲ್ಲಿ ಕುಂಡ್ರತಿ?”

‘ನೀವು’ ಹೋಗಿ ‘ನೀ’ ಆಗಿದ್ದನ್ನು ಅವಳು ಗಮನಿಸಿದಳು.

“ಅಪ್ಪನ್ನ ಕೇಳ್ರಿ...”

“ಅವರನ್ನೂ ಕೇಳ್ತೇನಿ. ಮೊದಲ ನಿನ್ನ ಕೇಳಾಕತ್ತೀನಿ.”

ಲಗಮವ್ವ ಅವನ ಕೈ ಹಿಡಿದು, ಎರಡೂ ನಟ್ಟುಗಳನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ತನ್ನ ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

“ಹಂಗಾರ ಈ ಸಲ ಬಿಗೀ ಮಾಡಿ ಕೂಡ್ಸ್ರಿ.”