ಮಂಗಳವಾರದ ಬಾಟಲಿ

"ರೀ, ಅದರ ಮೇಲಿಂದ ಕೈ ತೆಗೀರಿ."

ಏಣಿಯ ಮೇಲಿದ್ದ ಅಸುಂತಾಳ ದನಿಗೆ ಕೆಳಗಿದ್ದವನು ಬೆಚ್ಚಿಬಿದ್ದ. ಅಷ್ಟರಲ್ಲಿ ಹಣ್ಣು ಅವನ ಕೈಗೆ ಬಂದಾಗಿತ್ತು. ತೊಟ್ಟಿನ ಜಾಗದಲ್ಲಿ ಸಿಪ್ಪೆ ಹರಿದು ಬಿಳಿ ತಿರುಳು ಕಾಣುತ್ತಿತ್ತು.

ನಮ್ಮ ಕಲಾಬ್ರಿಯಾ ಕರಾವಳಿಯಲ್ಲಿ ಕಿತ್ತಳೆ ಜಾತಿಯ ಬರ್ಗಮಾಟ್ ಹಣ್ಣನ್ನು ಯಾರೂ ಎಳೆದು ಕೀಳುವುದಿಲ್ಲ. ತೊಟ್ಟಿಗೆ ಕತ್ತರಿ ಹಾಕಿ ಇಳಿಸುತ್ತೇವೆ. ಅತ್ತರಿನವರಿಗೆ ಬೇಕಾದದ್ದು ಸಿಪ್ಪೆಯ ಎಣ್ಣೆ. ಸಿಪ್ಪೆ ಹರಿದರೆ ಹಣ್ಣು ಹಾಳಾದಂತೆಯೇ. ಇಷ್ಟು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಈ ಮಹಾಶಯನಿಗೆ ಗೊತ್ತಿರಲಿಲ್ಲ.

"ಯಾವ ಊರಿಂದ ಬಂದ್ರಿ ನೀವು?" ಎನ್ನುತ್ತಾ ಅಸುಂತಾ ಇಳಿದು ಬಂದಳು.

"ಮೇಲಿನ ಬೆಟ್ಟದ ಕಡೆಯವನು. ನಮ್ಮಲ್ಲಿ ಬರೀ ಚೆಸ್ಟ್‌ನಟ್ ಮರ." ಅವನು ಕಿವಿಯವರೆಗೂ ಕೆಂಪಾಗಿದ್ದ. "ನನ್ನ ಹೆಸರು ಸವೇರಿಯೋ. ವಿಶ್ವವಿದ್ಯಾಲಯದಿಂದ ಬಂದಿದ್ದೀನಿ. ನಿಕೋದೇಮೋ ಅವರ ತೋಟ ಇದೇ ಅಲ್ವಾ? ಅವರ ಕೊಲೆಸ್ಟ್ರಾಲ್ ವಿಷಯ..."

ಕೊಲೆಸ್ಟ್ರಾಲ್ ಎಂದ ಕೂಡಲೇ ಅವಳ ಸಿಟ್ಟು ಅರ್ಧ ಇಳಿಯಿತು. ಹೋದ ಬೇಸಿಗೆಯಲ್ಲಿ ಅಪ್ಪ ನಿಕೋದೇಮೋ ಎದೆ ಹಿಡಿದುಕೊಂಡು ಇದೇ ಮರದ ಬುಡದಲ್ಲಿ ಕುಸಿದಿದ್ದ. ಅಮ್ಮ ಹೋಗಿ ಆರು ವರ್ಷವಾಗಿತ್ತು. ಅಪ್ಪನನ್ನು ಬಿಟ್ಟರೆ ಅವಳಿಗೆ ತನ್ನವರೆನ್ನಲು ಇನ್ಯಾರೂ ಇರಲಿಲ್ಲ.

ಸವೇರಿಯೋ ಹರಿದ ಹಣ್ಣನ್ನು ತೋರಿಸಿದ. "ನೀವು ಬೇಡ ಅಂತ ಬಿಸಾಡೋ ಈ ಬಿಳಿ ತಿರುಳಲ್ಲೂ, ರಸದಲ್ಲೂ ಫ್ಲೇವನಾಯ್ಡ್ ಅನ್ನೋ ಅಂಶಗಳಿವೆ. ಈ ಕಹಿ ಅವುಗಳದ್ದೇ. ಕೆಟ್ಟ ಕೊಲೆಸ್ಟ್ರಾಲ್ ಇಳಿಸ್ತವೆ, ಹೃದಯಕ್ಕೆ ಒಳ್ಳೇದು ಅಂತ ಸಣ್ಣಪುಟ್ಟ ಪರೀಕ್ಷೆಗಳು ಹೇಳ್ತವೆ. ನಿಜಾನೋ ಸುಳ್ಳೋ ನಾವು ನೋಡಬೇಕು."

"ಹಾಗಾದ್ರೆ ಕಿತ್ತಿದ್ದನ್ನ ಬಿಸಾಡಬೇಡಿ. ತಿನ್ನಿ."

ಅವನು ನಿಜಕ್ಕೂ ಕಚ್ಚಿದ! ಕಹಿಗೆ ಅವನ ಮುಖ ಕಿವುಚಿಹೋಯಿತು. ಅಸುಂತಾ ನಕ್ಕುಬಿಟ್ಟಳು. ಆ ಬೇಸಿಗೆಯ ನಂತರ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಅಂದಿನಿಂದ ಪ್ರತಿ ಮಂಗಳವಾರ ಸವೇರಿಯೋ ಏಳು ಪುಟ್ಟ ಬಾಟಲಿ ತರತೊಡಗಿದ. ದಿನಕ್ಕೊಂದು ಬಾಟಲಿ, ಜೊತೆಗೆ ಡಾಕ್ಟರು ಮೊದಲೇ ಕೊಟ್ಟಿದ್ದ ಕೊಲೆಸ್ಟ್ರಾಲ್ ಮಾತ್ರೆ. ಹಾಗೆ ಹನ್ನೆರಡು ವಾರ, ನಡುನಡುವೆ ರಕ್ತ ಪರೀಕ್ಷೆ. ಪರೀಕ್ಷೆಗೆ ಒಪ್ಪಿದ ಸುತ್ತಲಿನ ರೈತರಲ್ಲಿ ಅರ್ಧ ಜನರಿಗೆ ನಿಜವಾದ ಬರ್ಗಮಾಟ್ ರಸ, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ವಾಸನೆ ಕಟ್ಟಿದ ಹುಸಿ ರಸ. ಯಾರಿಗೆ ಯಾವುದೆಂದು ಬಾಟಲಿ ತರುವವನಿಗೂ ಗೊತ್ತಿರಕೂಡದು. ಇದನ್ನೆಲ್ಲ ಅವನು ಮೊದಲ ದಿನವೇ ಹೇಳಿದ್ದ. ಅಸುಂತಾ ತಲೆಯಾಡಿಸಿದ್ದಳು. ಆ ಹುಸಿ ರಸದವರು ಬೇರೆ ಯಾರೋ ಎಂದೇ ಅವಳ ಮನಸ್ಸು ತೀರ್ಮಾನಿಸಿತ್ತು.

ಸಹಿ ಹಾಕಿಸಿಕೊಂಡು ಹೊರಡಲು ಹತ್ತು ನಿಮಿಷ ಸಾಕು. ಆದರೆ ಅಪ್ಪ ಬಿಡಬೇಕಲ್ಲ!

"ಕೂತ್ಕೊಳ್ಳಿ ಡಾಕ್ಟ್ರೇ, ಅವರೆಕಾಳು ಬೇಯ್ತಾ ಇದೆ."

"ನಾನು ಡಾಕ್ಟರಲ್ಲ ಯಜಮಾನ್ರೇ."

"ಆದಾಗ ಆಗ್ತೀರಂತೆ. ಮೊದಲು ಉಣ್ಣಿ."

ಅವನು ಉಂಡ. ಮುಂದಿನ ವಾರವೂ ಉಂಡ. ಆಮೇಲೆ ಊಟವಾದ ಮೇಲೆ ಕತ್ತರಿ ಹಿಡಿದು ತೋಟಕ್ಕೂ ಇಳಿಯತೊಡಗಿದ. "ತೊಟ್ಟು ಉಳಿಸಿ ಕತ್ತರಿಸಿ, ನಿಮ್ಮ ಬೆರಳನ್ನಲ್ಲ," ಎಂದು ಅಸುಂತಾ ರೇಗಿಸುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಕನ್ನಡಿಯ ಮುಂದೆ ಅವಳಿಗೇ ಆಶ್ಚರ್ಯವಾಯಿತು. ಅಮ್ಮನ ಹವಳದ ಓಲೆ ಕಿವಿಯಲ್ಲಿತ್ತು. ಯಾವಾಗ ಹಾಕಿಕೊಂಡೆ ನಾನು? ಹಣ್ಣು ಕೀಳುವವಳಿಗೆ ಓಲೆ ಯಾಕೆ ಬೇಕು? ತೆಗೆಯಬೇಕೆಂದುಕೊಂಡಳು... ತೆಗೆಯಲಿಲ್ಲ. ಡಿಸೆಂಬರಿನಲ್ಲಿ ಅವನು ಮರೆತುಹೋದ ದಾಖಲೆ ಪುಸ್ತಕ ಹುಡುಕಿಕೊಂಡು ಶನಿವಾರ ಬಂದಾಗ, ಬೋಳು ಕಿವಿ ಮುಚ್ಚಿಕೊಳ್ಳಲು ತಲೆವಸ್ತ್ರ ಎಳೆದುಕೊಂಡು ಅಡುಗೆಮನೆಗೆ ಓಡಿದ್ದಳು.

ಅದೇ ತಿಂಗಳು ಅವನು ಗೇಟಿನ ಹತ್ತಿರ ದನಿ ತಗ್ಗಿಸಿ ಹೇಳಿದ, "ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮಪ್ಪನ ಕೊಲೆಸ್ಟ್ರಾಲ್ ಚೆನ್ನಾಗಿ ಇಳೀತಿದೆ."

ಅವಳಿಗೆ ಕಣ್ಣು ತುಂಬಿಬಂತು. ಅವನ ತೋಳನ್ನು ಒಂದು ಕ್ಷಣ ಹಿಡಿದಳು.

ಜನವರಿಯಲ್ಲಿ ಹಣ್ಣು ಹಳದಿ ತಿರುಗಿತು. ಒಂದು ಮಂಗಳವಾರ ಅಪ್ಪ ಅರ್ಧಕ್ಕೇ ಬಿಟ್ಟ ಬಾಟಲಿ ಮೇಜಿನ ಮೇಲಿತ್ತು. ಚೆಲ್ಲುವುದೇಕೆಂದು ಅಸುಂತಾ ಬಾಯಿಗೆ ಹಾಕಿಕೊಂಡಳು.

ಅವಳ ಕೈ ಅಲ್ಲೇ ನಿಂತಿತು. ಹುಳಿ ಇತ್ತು, ಕಹಿ ಇತ್ತು, ಮೇಲೊಂದಿಷ್ಟು ಪರಿಮಳವೂ ಇತ್ತು. ಆದರೆ ಬರ್ಗಮಾಟ್ ಮಾತ್ರ ಇರಲಿಲ್ಲ.

ಸವೇರಿಯೋ ಆಗ ತಾನೇ ಊಟ ಮುಗಿಸಿ ಏಳುತ್ತಿದ್ದ.

"ಇಷ್ಟು ದಿನ ನಮ್ಮಪ್ಪನಿಗೆ ಬಣ್ಣದ ನೀರು ಕುಡಿಸಿದ್ರಾ?"

"ಏನು?"

"ಇಳೀತಿದೆ ಅಂದ್ರಲ್ಲ, ನಾನು ನಂಬಿದೆನಲ್ಲ... ಈ ನೀರಿಗೆ ಇಳಿಯುತ್ತಾ? ಯಾಕೆ ಸುಳ್ಳು ಹೇಳಿದ್ರಿ?"

ಸವೇರಿಯೋ ಬಾಟಲಿಯನ್ನು ನೋಡಿದ, ತನ್ನ ದಾಖಲೆ ಪುಸ್ತಕವನ್ನು ನೋಡಿದ. ಹುಸಿ ರಸವಾದರೆ ಅಂಕಿ ಇಳಿದದ್ದು ಹೇಗೆ? ಅವನ ಬುದ್ಧಿಯೆಲ್ಲ ಆ ಒಂದು ಪ್ರಶ್ನೆಗೆ ಸಿಕ್ಕಿಕೊಂಡಿತು. ಹಾಳಾದವನು, ಒಂದು ಮಾತಾದರೂ ಆಡಬಾರದಿತ್ತೇ! ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು.

"ನಮ್ಮನೇಲಿ ಉಂಡು, ನಮಗೇ ಮೋಸ ಮಾಡಿದ್ರಿ. ಇನ್ನು ಬರಬೇಡಿ."

ಅವನು ಹೋದ ಮೇಲೆ ಅವಳು ಓಲೆ ಬಿಚ್ಚಿ ಡಬ್ಬಿಗೆ ಹಾಕಿದಳು. ಅಪ್ಪನ ಹೃದಯದ ಮೇಲಿಟ್ಟ ಭರವಸೆ, ತನ್ನ ಹೃದಯದ ಮೇಲಿಟ್ಟ ಭರವಸೆ, ಎರಡೂ ಒಂದೇ ದಿನ ಹೋದವು ಎಂದು ಅತ್ತಳು.

ಮರುದಿನ ಬೆಳಿಗ್ಗೆ ಸವೇರಿಯೋ ಗೇಟಿನಾಚೆ ನಿಂತಿದ್ದ. ರಾತ್ರಿ ಮಲಗಿದವನ ಮುಖವಾಗಿರಲಿಲ್ಲ ಅದು.

"ಒಳಗೆ ಬರಲ್ಲ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಒಂದೇ ಒಂದು ವಿಷಯ ಹೇಳಿ, ಯಜಮಾನ್ರಿಗೆ ಕಾಲು ನೋಯ್ತಿದೆಯಾ?"

ಹದಿನೈದು ದಿನದಿಂದ ಅಪ್ಪ ಏಣಿ ಹತ್ತುತ್ತಿರಲಿಲ್ಲ. ವಯಸ್ಸಾಯಿತೆಂದು ಅವಳು ಸುಮ್ಮನಿದ್ದಳು.

"ಕೊನೇ ಸಲದ ರಕ್ತ ಮತ್ತೆ ನೋಡಿಸಿದೆ. ಸ್ನಾಯುಗಳಿಗೆ ಪೆಟ್ಟಾಗ್ತಿದೆ. ಬಾಟಲಿಯದ್ದು ಹುಸಿಯಾದ್ರೂ ಅಂಕಿ ಇಳಿದಿದೆ ಅಂದ್ರೆ, ಅವರು ಬೇರೆಲ್ಲೋ ನಿಜವಾದ ಬರ್ಗಮಾಟ್ ರಸ ಕುಡೀತಿದ್ದಾರೆ, ಅದೂ ಹೆಚ್ಚಾಗಿ. ಆ ರಸ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳನ್ನ ಮೈಯಿಂದ ಬೇಗ ಹೊರಹೋಗೋಕೆ ಬಿಡಲ್ಲ. ನುಂಗಿದ್ದು ಒಂದಾದ್ರೂ ಎರಡು ಮೂರು ನುಂಗಿದ ಹಾಗಾಗಬಹುದು, ಆಗ ಸ್ನಾಯು ಕೆಡುತ್ತೆ. ಡಾಕ್ಟರ ಹತ್ರ ಮಾತಾಡಿದ್ದೀನಿ, ಇವತ್ತಿನ ಮಾತ್ರೆ ಬೇಡ ಅಂದಿದ್ದಾರೆ. ಈಗಲೇ ಕರ್ಕೊಂಡು ಹೋಗಿ."

ಅಷ್ಟು ಹೇಳಿ ಅವನು ತಿರುಗಿ ನಡೆದ. ಅವಳು ಅಪ್ಪನನ್ನು ಕೂಗುತ್ತ ಒಳಗೆ ಓಡಿದಳು.

ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು. ಮಾತ್ರೆ ಬದಲಿಸಿದರು, ರಸ ನಿಲ್ಲಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

"ದಿನಾ ಎಷ್ಟು ಕುಡೀತಿದ್ದೆ ಅಪ್ಪ?"

"ಎರಡು ಲೋಟ. ಕಣಜದ ಹಿಂದೆ ಹಿಂಡ್ಕೊಂಡು."

"ಯಾಕೆ?"

"ಮೊದಲನೇ ದಿನ ಮೊದಲನೇ ಗುಟುಕಿಗೇ ಗೊತ್ತಾಯ್ತು ಮಗಳೇ, ಇದು ಹುಸಿ ಅಂತ. ಐವತ್ತು ವರ್ಷ ಈ ಹಣ್ಣಿನ ಜೊತೆ ಬಾಳಿದವನು ನಾನು, ನನ್ನ ನಾಲಿಗೆಗೆ ಮಂಕುಬೂದಿ ಎರಚ್ತಾರಾ?"

"ಗೊತ್ತಾದಾಗ ಹೇಳೋದಲ್ವಾ?"

"ಹೇಳಿದ್ರೆ ನನ್ನ ಹೆಸರು ಹೊಡೆದು ಹಾಕ್ತಿದ್ರು. ಆ ಹುಡುಗ ಬರೋದು ನಿಂತುಹೋಗ್ತಿತ್ತು. ಅವನ ಕೆಲಸಕ್ಕೂ ಒಳ್ಳೇ ಹೆಸರು ಬರಲಿ ಅಂತ ನಾನೇ ಹಿಂಡ್ಕೊಂಡು ಕುಡಿದೆ."

"ಅವರು ಬರದಿದ್ರೆ ನಿನಗೇನಾಗ್ತಿತ್ತು?"

"ನನಗೇನೂ ಇಲ್ಲ. ನೀನು ಮಂಗಳವಾರ ನಿಮ್ಮಮ್ಮನ ಓಲೆ ಹಾಕ್ಕೊಳ್ತಿದ್ದೆ."

ಅಸುಂತಾ ಅಪ್ಪನ ತೋಳಿಗೆ ಮುಖವಿಟ್ಟು ಬಿಕ್ಕಿದಳು. ಅಪ್ಪನಿಗೆ ಏನಾದರೂ ಆಗಿಬಿಟ್ಟಿದ್ದರೆ... ಆ ಓಲೆಯನ್ನು ಅವಳು ಜನ್ಮದಲ್ಲಿ ಮುಟ್ಟುತ್ತಿರಲಿಲ್ಲ.

ಮರುದಿನ ಅವಳು ಪೇಟೆಯ ಆರೋಗ್ಯ ಕೇಂದ್ರಕ್ಕೆ ಹೋದಳು. ಸವೇರಿಯೋ ಒಂದು ಸಣ್ಣ ಕೋಣೆಯಲ್ಲಿ ಖಾಲಿ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಯಜಮಾನ್ರು ಹೇಗಿದ್ದಾರೆ?"

"ನೋವು ಸ್ವಲ್ಪ ಕಡಿಮೆ ಆಗಿದೆ." ಬಾಗಿಲಲ್ಲೇ ನಿಂತು ಅವಳು ಎಲ್ಲವನ್ನೂ ಹೇಳಿದಳು. ಓಲೆಯ ಮಾತೊಂದನ್ನು ಬಿಟ್ಟು. "ನಿಮ್ಮ ಕೆಲಸ ನಮ್ಮಿಂದ ಕೆಟ್ಟಿತು. ಮೇಲೆ ನಿಮ್ಮನ್ನೇ ಬೈದು ಕಳಿಸಿದೆ. ತಪ್ಪಾಯ್ತು."

ಅವನು ನಕ್ಕ, ಸೋತವನ ನಗೆ. "ನಿಮ್ಮಪ್ಪ ಒಬ್ರೇ ಅಲ್ಲ. ನಿನ್ನೆ ಎಲ್ಲ ಮನೆಗೂ ಹೋಗಿ ಕೇಳಿದೆ. ಹುಸಿ ಸಿಕ್ಕಿದ ಹನ್ನೊಂದು ಜನ ರೈತರಿಗೂ ಮೊದಲ ದಿನವೇ ಗೊತ್ತಾಗಿದೆ. ನನಗೆ ಬೇಜಾರಾಗುತ್ತೆ ಅಂತ ಒಬ್ಬರೂ ಬಾಯಿ ಬಿಟ್ಟಿಲ್ಲ. ಬರ್ಗಮಾಟ್ ಬೆಳೆಯೋರಿಗೆ ಹುಸಿ ಬರ್ಗಮಾಟ್ ಕುಡಿಸೋಕೆ ಹೊರಟ ನಾವೇ ಪೆದ್ದರು."

"ಈಗೇನು ಮಾಡ್ತೀರಿ?"

"ಮೊದಲಿಂದ ಶುರು. ಉತ್ತರದ ಊರುಗಳಲ್ಲಿ. ಅಲ್ಲಿಯವರಿಗೆ ಈ ರುಚಿ ಗೊತ್ತಿಲ್ಲ."

ಹಾಗಾದರೆ ಇವನು ಹೋಗುತ್ತಾನೆ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಯಾವಾಗ ಹೊರಡ್ತೀರಿ?"

"ಬಾಟಲಿ ಹಂಚೋಕೆ ಅಲ್ಲಿಯವರೇ ಇದ್ದಾರೆ. ಹಣ್ಣು ಆರಿಸಿ ರಸ ತೆಗೆಸೋಕೆ ಒಬ್ಬ ಇಲ್ಲಿರಬೇಕು. ನಾನಿರ್ತೀನಿ ಅಂದಿದ್ದೀನಿ." ಅವನು ತಡವರಿಸಿದ. "ಆದ್ರೆ ನನಗೆ ಹಣ್ಣು ಕತ್ತರಿಸೋಕೇ ಇನ್ನೂ ಸರಿಯಾಗಿ ಬರಲ್ಲ."

"ಮಂಗಳವಾರ ಬನ್ನಿ, ಹೇಳಿಕೊಡ್ತೀನಿ. ಬಾಟಲಿ ತರಬೇಡಿ."

ಸವೇರಿಯೋ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ. ಹತ್ತಿರ ಬಂದು ಅವಳ ಮುಖವನ್ನೇ ನೋಡುತ್ತ ನಿಂತ.

"ಅಸುಂತಾ, ಇವತ್ತು ಗುರುವಾರ."

"ಅದಕ್ಕೆ?"

"ಡಿಸೆಂಬರಲ್ಲಿ ಶನಿವಾರ ಬಂದಿದ್ನಲ್ಲ, ನೀವು ಕಿವಿ ಮುಚ್ಚಿಕೊಂಡು ಓಡಿದ್ರಿ. ಅವತ್ತಿಂದ ನನಗೆ ಗೊತ್ತು, ಅದು ಮಂಗಳವಾರಕ್ಕೆ ಮಾತ್ರ ಅಂತ."

ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಹವಳದ ಓಲೆ ಅಲ್ಲಿತ್ತು. ಈ ಸಲ ಅವಳು ಮುಚ್ಚಿಕೊಳ್ಳಲಿಲ್ಲ.

"ನೀವಿರೋ ದಿನ ಹಾಕ್ಕೊಳ್ತೀನಿ," ಎಂದಳು.

"ಹಾಗಾದ್ರೆ ಇನ್ನು ದಿನಾ ಹಾಕ್ಕೊಬೇಕಾಗುತ್ತೆ," ಎಂದ ಅವನು.