ದೊಡ್ಡಿಯ ಬಾಗಿಲಿಗೆ ಅಂಟಿದ ಕಾಗದ

ಜನವರಿ ಹದಿನಾಲ್ಕರ ಬೆಳಿಗ್ಗೆ ಚೀನಾದ ಹುನಾನ್ ಪ್ರಾಂತ್ಯದ ಷಿತಾಂಗ್ ಠಾಣೆಗೆ ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿ ಬಂದಳು. ಹೆಸರು ಗ್ವೀಹುವಾ, ಹಂದಿ ಸಾಕಣೆಯ ಕುವಾಂಗನ ಹೆಂಡತಿ. ತವರಿನಿಂದ ಮೊದಲ ಬಸ್ಸಿಗೆ ಮರಳಿದವಳಿಗೆ ಹಿತ್ತಲಲ್ಲಿ ಗಂಡನ ಹೆಣ ಕಂಡಿತ್ತು. ಇನ್ಸ್‌ಪೆಕ್ಟರ್ ತಾನ್ ಯೂಪಿಂಗ್ ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಮಿನ್‌ಳನ್ನು ಕರೆದುಕೊಂಡು ಜೀಪು ಹತ್ತಿದ.

ಆ ಹಿತ್ತಲನ್ನು ಕಂಡವರಿಗೆ ಅನ್ನ ಸೇರದು. ಪಂಚನಾಮೆಯಲ್ಲಿ ಮಿನ್ ಬರೆದದ್ದಿಷ್ಟು: ಕಬ್ಬಿಣದ ಸಲಾಕೆಯ ಏಟಿಗೆ ತಲೆಬುರುಡೆ ಒಡೆದಿದೆ. ತಡೆಯಲು ಅಡ್ಡ ಹಿಡಿದ ಎರಡೂ ಮುಂಗೈ ಮುರಿದಿವೆ. ಬಾಯೊಳಗೆ ಬೇಯಿಸಿದ ಹಂದಿಮಾಂಸವನ್ನು ಹಲ್ಲು ಉದುರುವಷ್ಟು ಬಲವಾಗಿ ತುರುಕಲಾಗಿದೆ. ಪಕ್ಕದಲ್ಲಿ ಒಡೆದ ಬಟ್ಟಲು.

ಹೆಣದಾಚೆ ಪುಟ್ಟ ದೊಡ್ಡಿಯಲ್ಲಿ ಎರಡು ಕಪ್ಪು ಹಂದಿಗಳೂ ಸತ್ತು ಬಿದ್ದಿದ್ದವು. ರಸ್ತೆ ಬದಿಯ ಉದ್ದನೆ ಶೆಡ್ಡಿನಲ್ಲಿದ್ದ ನೂರಾರು ಬಿಳಿ ಹಂದಿಗಳ ಕೂದಲೂ ಕೊಂಕಿರಲಿಲ್ಲ.

"ಈ ಮಾಂಸ ನಿಮ್ಮನೇದಾ ಅಕ್ಕ?" ತಾನ್ ಕೇಳಿದ.

"ಇಲ್ಲ ಸಾಹೇಬ್ರೆ. ಮುಂದಿನ ತಿಂಗಳು ನಮ್ಮ ಹೊಸ ವರ್ಷಕ್ಕೆ ಹಂದಿ ಕೊಯ್ಯೋವರ್ಗೂ ನಮ್ಮನೇಲಿ ಮಾಂಸ ಬೇಯಿಸಲ್ಲ."

"ಶೆಡ್ಡಲ್ಲಿ ಅಷ್ಟೊಂದು ಇದ್ದಾವಲ್ಲ?"

"ಅವು ಪೇಟೆಗೆ. ನಾವು ತಿನ್ನಲ್ಲ."

"ಯಾಕೆ?"

ಗ್ವೀಹುವಾ ತಲೆ ತಗ್ಗಿಸಿದಳು. "ಮೇವಿಗೆ ಆ್ಯಂಟಿಬಯಾಟಿಕ್ ಪುಡಿ ಕಲಸ್ತೀವಲ್ಲ. ಕಾಯಿಲೆ ಬಂದ್ರೂ ಹಾಕ್ತೀವಿ, ಬರದಿದ್ರೂ ಹಾಕ್ತೀವಿ. ಬೇಗ ಮೈ ತುಂಬ್ಕೊತಾವೆ. ನಮ್ಗೇಂತ ಈ ಎರಡು ಇದ್ವು, ಗೆಣಸಿನ ಬಳ್ಳಿ, ಗಂಜಿ ಹಾಕಿ ಸಾಕಿದ್ದೆ. ಎಲ್ರೂ ಹಂಗೇ ಮಾಡ್ತಾರೆ, ನಾವೊಬ್ರೇ ಅಲ್ಲ!"

ಠಾಣೆಯ ಅಡುಗೆಮನೆಗೆ ಬರುತ್ತಿದ್ದದ್ದೂ ಇದೇ ಶೆಡ್ಡಿನ ಮಾಂಸ. ನಿನ್ನೆ ಮಧ್ಯಾಹ್ನ ತಾನ್ ಎರಡನೇ ಸಲ ಬಡಿಸಿಕೊಂಡು ತಿಂದಿದ್ದ.

"ಸಾಹೇಬ್ರೆ, ಇಲ್ಲಿ ಬನ್ನಿ," ಮಿನ್ ದೊಡ್ಡಿಯ ಬಾಗಿಲಲ್ಲಿ ನಿಂತು ಕೂಗಿದಳು.

ಬಾಗಿಲ ಕಂಬಕ್ಕೆ ಒರಟು ಹಳದಿ ಕಾಗದವೊಂದು ರಕ್ತದಿಂದ ಅಂಟಿಕೊಂಡಿತ್ತು. ಹಂದಿ ಕೊಯ್ದವನು ಅದರ ಕುತ್ತಿಗೆಯ ರಕ್ತದಲ್ಲಿ ಕಾಗದ ಅದ್ದಿ ದೊಡ್ಡಿಗೆ ಅಂಟಿಸುವುದು ಆ ಕಡೆಯ ರೂಢಿ. ಸತ್ತ ಜೀವ ಮುಂದಿನ ಲೋಕದ ದಾರಿ ಕಂಡುಕೊಳ್ಳಲಿ ಎಂದು. ತಾನ್ ಹಂದಿಗಳ ಬಳಿ ಕುಳಿತು ನೋಡಿದ. ಒಂದೊಂದಕ್ಕೂ ಕುತ್ತಿಗೆಯಲ್ಲಿ ಒಂದೇ ಗಾಯ, ನೇರ ಎದೆಗೆ ಇಳಿದದ್ದು.

"ಮನುಷ್ಯನ್ನ ಹುಚ್ಚು ಹಿಡಿದೋನ ಥರ ಜಜ್ಜಿದಾನೆ. ಹಂದಿ ಹತ್ರ ಬಂದು ಶಾಸ್ತ್ರ ಬಿಟ್ಟಿಲ್ಲ ನೋಡು."

"ಕೈಗೆ ಅಂಟಿದ ಅಭ್ಯಾಸ ಸಾಹೇಬ್ರೆ. ತಲೆ ಮರೆತ್ರೂ ಕೈ ಮರೆಯಲ್ಲ."

"ಈ ಊರಲ್ಲಿ ಹಂದಿ ಕೊಯ್ಯೋನು ಯಾರು?"

"ದೇಂಗ್ ಬಾಶೆಂಗ್. ಅವನೊಬ್ನೇ."

ದೇಂಗ್ ತನ್ನ ಅಂಗಳದಲ್ಲಿ ಕತ್ತಿ ತೊಳೆಯುತ್ತಿದ್ದ. ಹಿಂದಿನ ಗೋಡೆಯಲ್ಲಿ ಹುಡುಗಿಯೊಬ್ಬಳ ಫೋಟೊ, ಅದರ ಮುಂದೆ ಧೂಪದ ಬೂದಿ. ಜೀಪು ಕಂಡರೂ ಅವನು ಓಡಲಿಲ್ಲ. ಮಿನ್ ಹತ್ತಿರ ಬರುತ್ತಿದ್ದಂತೆ ಕತ್ತಿಯನ್ನು ತನ್ನ ಗಂಟಲಿಗೇ ಒತ್ತಿಕೊಂಡ. ತಾನ್ ಹಾರಿ ಅವನ ಮಣಿಕಟ್ಟಿಗೆ ಒದ್ದ. ಇಬ್ಬರೂ ಕೆಸರಿಗೆ ಬಿದ್ದರು. ಕತ್ತಿ ತಾನ್‌ನ ಅಂಗೈ ಸೀಳಿತು. ಮಿನ್ ದೇಂಗನ ಬೆನ್ನ ಮೇಲೆ ಮಂಡಿಯೂರಿ ಕೋಳ ತೊಡಿಸಿದಾಗ ಅವನ ಕುತ್ತಿಗೆಯಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು.

"ಬಿಡಬೇಕಿತ್ತು ಸಾಹೇಬ್ರೆ," ಎಂದ. "ನಿಮಗ್ಯಾಕೆ ಈ ಉಸಾಬರಿ?"

"ಅವಳು ಯಾರು ದೇಂಗಣ್ಣ?" ಮಿನ್ ಫೋಟೊ ತೋರಿಸಿದಳು.

"ನನ್ನ ಮಗಳು, ಚುನ್‌ಯಾನ್. ಕುವಾಂಗನ ಶೆಡ್ಡಲ್ಲಿ ಬರಿಗೈಲಿ ಮೇವು ಕಲಸ್ತಿದ್ಳು. ತಗಡು ತಾಗಿ ಕೈ ಕುಯ್ತು, ಕೀವಾಯ್ತು. ದೊಡ್ಡಾಸ್ಪತ್ರೇಲಿ ಒಂದಾದ ಮೇಲೊಂದು ಇಂಜೆಕ್ಷನ್ ಚುಚ್ಚಿದ್ರು, ಒಂದೂ ನಾಟ್ಲಿಲ್ಲ. ಡಾಕ್ಟ್ರು ಕೇಳಿದ್ರು, ಹಂದಿ ಶೆಡ್ಡಲ್ಲಿ ಕೆಲ್ಸಾನಾ ಅಂತ. ಅಲ್ಲಿನ ಕ್ರಿಮಿಗಳು ಔಷಧಿ ಕಂಡೂ ಕಂಡೂ ಪಳಗಿರ್ತಾವಂತೆ."

"ಅದಕ್ಕೇ ಕೊಂದೆಯಾ?" ಅಂಗೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ ತಾನ್ ಕೇಳಿದ.

"ಇಲ್ಲ. ಹಣೆಬರ ಅಂತ ಸುಮ್ನಿದ್ದೆ. ನಿನ್ನೆ ಅವಳ ನಲವತ್ತೊಂಬತ್ತನೇ ದಿನ, ತೀರಿಹೋದೋರಿಗೆ ಕೊನೇ ಎಡೆ ಇಡೋ ದಿನ. ಎಡೆಗೆ ಇರಲಿ ಅಂತ ಕುವಾಂಗ ಶೆಡ್ಡಿನ ಮಾಂಸ ಕಳಿಸಿದ್ದ. ಬೇಯಿಸಿ ಅವಳಿಗಿಟ್ಟು, ಒಂದು ಬಟ್ಟಲು ಅವನಿಗೂ ಒಯ್ದೆ. ಮಗಳ ಹೆಸರಲ್ಲಿ ಒಂದು ತುತ್ತು ತಿನ್ನಪ್ಪ ಅಂದೆ. ನಕ್ಕುಬಿಟ್ಟ. 'ಇದು ಶೆಡ್ಡಿಂದಲ್ವಾ ದೇಂಗಣ್ಣ? ನಾನು ತಿನ್ನಲ್ಲ, ನಿಂಗೆ ಗೊತ್ತಲ್ಲ' ಅಂದ." ದೇಂಗ್ ಫೋಟೊದ ಕಡೆ ತಿರುಗಿದ. "ಗೊತ್ತಿತ್ತು ಸಾಹೇಬ್ರೆ. ವರ್ಷಾ ವರ್ಷಾ ಅವನ ಕಪ್ಪು ಹಂದಿ ಕೊಯ್ದೋನು ನಾನೇ. ಗೊತ್ತಿದ್ದೂ ಮಗಳನ್ನ ಅಲ್ಲಿಗೆ ಕಳಿಸ್ದೆ. ಆಮೇಲೆ ಕಣ್ಣಿಗೆ ಏನೂ ಕಾಣ್ಲಿಲ್ಲ, ಅಲ್ಲೇ ಬಿದ್ದಿದ್ದ ಸಲಾಕೆ ತಗೊಂಡು ಬಡಿದೆ. ತಿನ್ನು, ತಿನ್ನು ಅಂತ ತುರುಕ್ದೆ."

"ಹಂದಿಗಳು?"

"ಮನೆಗೆ ಹೋಗಿ ಕತ್ತಿ, ಕಾಗದ ತಂದು ಕೊಯ್ದೆ. ಅವನ ಮನೇಲೂ ಹಬ್ಬಕ್ಕೆ ಶೆಡ್ಡಿಂದೇ ಬೇಯ್ಲಿ ಅಂತ."

ಮಧ್ಯಾಹ್ನ ಒಂದು ಗಂಟೆಗೆ ಬಂಧನ ದಾಖಲಾಯಿತು. ಆರೋಪಿಯನ್ನು ಕೂರಿಸಿಕೊಂಡು ಹೊರಟ ಜೀಪು ಕುವಾಂಗನ ಮನೆಯ ತಿರುವಿನಲ್ಲಿ ನಿಲ್ಲಬೇಕಾಯಿತು. ಬಿಳಿ ಹಂದಿಗಳನ್ನು ತುಂಬಿಕೊಂಡ ಲಾರಿ ಎಂದಿನಂತೆ ಪೇಟೆಯ ಕಡೆ ಹೊರಟಿತ್ತು.

"ಆ ಕಾಗದ ಯಾಕೆ ಅಂಟಿಸಿದೆ ದೇಂಗಣ್ಣ?" ಲಾರಿ ದಾಟಿದ ಮೇಲೆ ತಾನ್ ಕೇಳಿದ. "ಅದಿಲ್ದಿದ್ರೆ ನಾವು ನಿನ್ನ ಹತ್ರ ಇಷ್ಟು ಬೇಗ ಬರ್ತಿರ್ಲಿಲ್ಲ."

ದೇಂಗ್ ಕೋಳ ತೊಟ್ಟ ಕೈಗಳನ್ನು ನೋಡಿಕೊಂಡ.

"ಹಂದಿಗಳು ಏನು ತಪ್ಪು ಮಾಡಿದ್ವು ಸಾಹೇಬ್ರೆ? ಅವಕ್ಕೆ ಅಂಟಿಸ್ದೆ. ಅವನಿಗೆ ಅಂಟಿಸ್ಬೇಕು ಅನ್ನಿಸ್ಲಿಲ್ಲ."