ಒತ್ತೆ ಇಟ್ಟ ಬಾಲಯೇಸು

ಬುಧವಾರ ಬೆಳಿಗ್ಗೆ 8.10ಕ್ಕೆ ಚರ್ಚಿನ ಗುರುಗಳು ಠಾಣೆಗೆ ಬಂದು ದೂರು ಬರೆದುಕೊಟ್ಟರು. ಸಂತ ಅಂತೋಣಿಯ ಪ್ರತಿಮೆಯ ತೋಳಿನಲ್ಲಿದ್ದ ಬಾಲಯೇಸು ಕಾಣೆಯಾಗಿತ್ತು. ಮರದ್ದು, ಗೇಣುದ್ದ. ಎಫ್‌ಐಆರ್ ದಾಖಲಾಯಿತು.

"ಕಳೆದದ್ದನ್ನ ಹುಡುಕಿಕೊಡೋ ಸಂತ ಸಾರ್ ಇವರು," ಜೀಪು ಹತ್ತುತ್ತ ಹಿರಿಯ ಪೇದೆ ಅಂದ. "ನಮ್ಮ ಇಲಾಖೆಯವರೇ ಆದ್ರು."

"ಹಾಗಾದ್ರೆ ಅವರಿಗೂ ಬಡ್ತಿ ಸಿಕ್ಕಿರಲ್ಲ ಬಿಡು," ಅಂದರು ಇನ್ಸ್‌ಪೆಕ್ಟರ್.

ಒಂಬತ್ತಕ್ಕೆ ಪಂಚನಾಮೆ. ಪಕ್ಕದ ಪೀಠದಲ್ಲಿ ಮಾತೆ ಮರಿಯಮ್ಮನ ಬೆಳ್ಳಿ ಕಿರೀಟ ಇದ್ದಲ್ಲೇ ಇತ್ತು. ಸಂತನ ತೋಳಿನಲ್ಲಿ ಒಂದು ಗೂಟ ಮಾತ್ರ ಉಳಿದಿತ್ತು. ಕೂಸನ್ನು ಕಿತ್ತಿರಲಿಲ್ಲ, ನಿಧಾನವಾಗಿ ತಿರುಗಿಸಿ ಬಿಡಿಸಿಕೊಂಡಿದ್ದರು.

"ಇದು ಕಳ್ಳತನ ಅಲ್ಲ ಮಗಾ, ಒತ್ತೆ," ಪೀಠಕ್ಕೆ ಹೂ ಜೋಡಿಸುವ ಮುದುಕಿ ಹೇಳಿದಳು. "ಹದಿಮೂರು ಮಂಗಳವಾರ ಬೇಡ್ಕೋಬೇಕು. ಆಗಲೂ ಕಿವಿಗೆ ಹಾಕ್ಕೊಳ್ಳದಿದ್ರೆ ಕೂಸನ್ನ ಬಚ್ಚಿಡೋದು. ಕೆಲಸ ಆದ್ಮೇಲೆ ವಾಪಸ್ ಕೊಡೋದು. ಮನೇಲಿರೋ ಪುಟ್ಟ ಪ್ರತಿಮೆಗೆ ಮಾಡ್ತಾರೆ. ಚರ್ಚಿನದಕ್ಕೇ ಕೈ ಹಾಕಿದೋರನ್ನ ನಾ ಕಾಣೆ."

"ನೀವು ಮಾಡಿದ್ದೀರಾ?"

"ನಮ್ಮೆಜಮಾನ್ರು ಕುಡಿಯೋದು ಬಿಡ್ಲಿ ಅಂತ. ಪಾಪ, ನಾಲ್ಕು ವರ್ಷ ಹಿಟ್ಟಿನ ಡಬ್ಬೀಲಿತ್ತು ಕೂಸು."

ಇನ್ಸ್‌ಪೆಕ್ಟರ್ ಕೋರಿಕೆ ಪೆಟ್ಟಿಗೆ ತೆಗೆಸಿದರು. ಒಂದೇ ಕೈಬರಹದ ಚೀಟಿಗಳು ಸಿಕ್ಕವು, ಲೆಕ್ಕಕ್ಕೆ ಹದಿಮೂರು. ಎಲ್ಲದರಲ್ಲೂ ಒಂದೇ ಸಾಲು: 'ಅಂತೋಣಪ್ಪಾ, ಬಾಗಿಲ ಕೀ ಕೊಡಿಸು.' ಹಿಂಬದಿಯಲ್ಲಿ ಎದೆ 38, ತೋಳು 23. ದರ್ಜಿಯ ಅಳತೆ ಚೀಟಿಗಳು. ಚರ್ಚಿನ ಬೀದಿಯ ಮೂಲೆಯಲ್ಲಿ ಒಂದೇ ದರ್ಜಿ ಅಂಗಡಿಯಿತ್ತು.

11.30. ದರ್ಜಿ ಚೀಟಿ ನೋಡಿದ. "ನನ್ನ ತಂಗಿ ಅಕ್ಷರ. ಮನೇಲಿ ಕೂತು ಅಂಗಿಗಳ ಗುಂಡಿಗೆ ಕಾಜಾ ಹಾಕ್ತಾಳೆ." ಸೊಂಟದಿಂದ ಕೀ ತೆಗೆದ.

"ಹೊರಗಿಂದ ಬೀಗಾನಾ?"

"ಗಂಡ ಸತ್ತೋಳು ಸಾರ್. ಕಾಲ ಸರಿ ಇಲ್ಲ. ಮಂಗಳವಾರ ನಾನೇ ಚರ್ಚಿಗೆ ಕರ್ಕೊಂಡು ಹೋಗ್ತೀನಲ್ಲ."

"ಎಷ್ಟು ದಿನದಿಂದ?"

"ಆರು ವರ್ಷ."

ಮಹಿಳಾ ಪೇದೆಯನ್ನು ಕರೆಸಿಕೊಂಡು ಅವನ ಮನೆಗೆ ಹೋದರು. ಕೋಣೆಗೆ ಒಂದೇ ಕಿಟಕಿ. ಗಾಜಿಗೆ ಆಳೆತ್ತರದವರೆಗೂ ಕಾಗದ ಅಂಟಿಸಿತ್ತು. ತಂಗಿ ಹೊಲಿಗೆ ಯಂತ್ರದ ಮುಂದೆ, ಬೆನ್ನಿಗೊಂದು ದಿಂಬು ಕೊಟ್ಟು ಕೂತಿದ್ದಳು.

"ಚರ್ಚಿನಿಂದಲೇ ಓಡಿಹೋಗಬಹುದಿತ್ತಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಅಲ್ಲಿರೋದೂ ಒಂದೇ ಬಾಗಿಲು. ಅಲ್ಲಿ ಅಣ್ಣ ನಿಂತಿರ್ತಾನೆ."

"ಕೂಸನ್ನ ಕೊಟ್ಟುಬಿಡಿ. ಗುರುಗಳು ದೂರು ವಾಪಸ್ ತಗೋತಾರೆ. ನೀವು ಮನೇಲೇ ಇರಬಹುದು."

ಹೊಸ್ತಿಲಲ್ಲಿ ಅಣ್ಣ ಬೆರಳಿಗೆ ಕೀ ಸಿಕ್ಕಿಸಿ ತಿರುಗಿಸುತ್ತಿದ್ದ. ಅವಳು ಅದನ್ನೇ ನೋಡಿದಳು.

"ಕೊಡಲ್ಲ. ಕರ್ಕೊಂಡು ಹೋಗಿ."

"ತಲೆ ಕೆಟ್ಟಿದೆ ಸಾರ್ ಇವಳಿಗೆ. ನೀವು ಹೊರಡಿ, ನಾನೇ ಬಾಯಿ ಬಿಡಿಸ್ತೀನಿ," ಅಂದ ಅಣ್ಣ.

ಯಂತ್ರದ ಡ್ರಾಯರ್, ಟ್ರಂಕು, ಅಟ್ಟ ಎಲ್ಲ ಶೋಧಿಸಿದರು. ಏನೂ ಸಿಗಲಿಲ್ಲ. 2.15ಕ್ಕೆ ದಸ್ತಗಿರಿ. ಅವಳು ದಿಂಬು ಎತ್ತಿಕೊಂಡಳು. ಮಹಿಳಾ ಪೇದೆ ಅದನ್ನು ಒತ್ತಿ ನೋಡಿ, ಕೈ ಹಾಗೇ ಇಟ್ಟುಕೊಂಡು ಇನ್ಸ್‌ಪೆಕ್ಟರ್ ಮುಖ ನೋಡಿದಳು.

"ತರಲಿ ಬಿಡಿ," ಅಂದರು ಅವರು.

ಠಾಣೆಯ ಬೆಂಚಿನ ಮೇಲೆ ಕೂತು ಅವಳು ಬಹಳ ಹೊತ್ತು ಮುಂಬಾಗಿಲನ್ನೇ ನೋಡುತ್ತಿದ್ದಳು. "ಇದಕ್ಕೆ ಬೀಗ ಎಷ್ಟೊತ್ತಿಗೆ ಹಾಕ್ತೀರಿ?"

"ಠಾಣೆಗೆಲ್ಲಿಯ ಬೀಗ ತಾಯಿ," ಹಿರಿಯ ಪೇದೆ ಅಂದ. "ಹಗಲೂ ರಾತ್ರಿ ತೆರೆದೇ ಇರುತ್ತೆ."

"ಒಂದು ಕತ್ತರಿ ಕೊಡಿ."

ದಿಂಬಿನ ಹೊಲಿಗೆ ಬಿಚ್ಚಿ, ಹತ್ತಿಯೊಳಗಿಂದ ಕೂಸನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೈಮೇಲೆ ಹೊಸ ಅಂಗಿ. ಮೂರು ಗುಂಡಿ, ಮೂರು ಕಾಜಾ. ಜಪ್ತಿ ಪಂಚನಾಮೆಯಲ್ಲಿ ಅದನ್ನೂ ಬರೆದುಕೊಂಡರು.

ನಾಲ್ಕಕ್ಕೆ ಅಣ್ಣ ಬಂದ. ಜಾಮೀನಿಗೆ ತಾನೇ ನಿಲ್ಲುತ್ತೇನೆ ಅಂದ. ಅವಳು ಕಾಗದಕ್ಕೆ ಸಹಿ ಹಾಕಲಿಲ್ಲ. ಇನ್ಸ್‌ಪೆಕ್ಟರ್ ಅವಳ ಮುಂದೆ ಖಾಲಿ ದೂರಿನ ಹಾಳೆ ಇಟ್ಟು, "ಬೀಗ ಹಾಕಿದ್ದಕ್ಕೆ ದೂರು ಬರೀರಿ," ಅಂದರು. ಅವಳು ಅಣ್ಣನ ಕಡೆ ನೋಡಿದಳು, ಅದನ್ನೂ ಮುಟ್ಟಲಿಲ್ಲ.

ಪ್ರಕರಣದ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಮೊದಲು 'ಹರಕೆ' ಎಂದು ಬರೆದರು. ಹೊಡೆದುಹಾಕಿದರು. ಆಮೇಲೆ ಬರೆದರು: 'ಆರೋಪಿಗೆ ಮನೆಯಿಂದ ಹೊರಬರಲು ಬೇರೆ ದಾರಿ ಇರಲಿಲ್ಲ.'